ಮಾತಿಗೆ ಮೊದಲೇ ಬಂದ ನಗು

ಸಿನಿಮಾದವರಲ್ಲಿ ಫೈಟ್ ಮಾಸ್ಟರ್ ಇದ್ದಾರೆ, ಡ್ಯಾನ್ಸ್ ಮಾಸ್ಟರ್ ಇದ್ದಾರೆ. ನಮ್ಮವರು ಹೆಜ್ಜೆ ಮಾಸ್ಟರ್. ಯಾರೋ ಗೇಲಿಗೆಂದು ಇಟ್ಟ ಹೆಸರು, ಅದೇ ಗಟ್ಟಿಯಾಗಿ ನಿಂತುಬಿಟ್ಟಿತು. ಪರದೆಯ ಮೇಲೆ ಹೀರೋ ಮೆಟ್ಟಿಲು ಹತ್ತುತ್ತಾನೆ, ಟಕ್ ಟಕ್ ಎಂದು ಕೇಳುತ್ತದೆ ನೋಡಿ, ಆ ಸದ್ದು ಹೀರೋನದಲ್ಲ. ಶೂಟಿಂಗಿನಲ್ಲಿ ಮೈಕು ಮಾತು ಹಿಡಿಯುತ್ತದೆಯೇ ಹೊರತು ಹೆಜ್ಜೆಯನ್ನು ಸರಿಯಾಗಿ ಹಿಡಿಯುವುದಿಲ್ಲ. ಎಲ್ಲ ಮುಗಿದ ಮೇಲೆ ಮುಚ್ಚಿದ ಕೋಣೆಯೊಂದರಲ್ಲಿ, ಚಿತ್ರವನ್ನು ನೋಡುತ್ತಾ ಬೇರೆ ಯಾರೋ ಅದಕ್ಕೆ ಸರಿಯಾಗಿ ನಡೆಯಬೇಕು. ಆ ಬೇರೆ ಯಾರೋ ನಮ್ಮ ಮಾಸ್ಟರು.

ಅವರ ಕೋಣೆ ಇದ್ದದ್ದು ಮರದ ಸಾಮಾನಿನ ಗೋದಾಮಿನ ಕೆಳಗಿನ ನೆಲಮಾಳಿಗೆಯಲ್ಲಿ. ಗೋಡೆಗೆಲ್ಲ ಹಳೆಯ ಹಾಸಿಗೆ ಹೊಡೆದಿದ್ದರು. ನೆಲವನ್ನು ಚೌಕ ಚೌಕವಾಗಿ ಕತ್ತರಿಸಿ ಒಂದರಲ್ಲಿ ಮರಳು, ಒಂದರಲ್ಲಿ ಜಲ್ಲಿ, ಒಂದರಲ್ಲಿ ಬರೀ ಸಿಮೆಂಟು, ಇನ್ನೊಂದರಲ್ಲಿ ಕಿರುಗುಟ್ಟುವ ಹಲಗೆ ಹಾಕಿದ್ದರು. ಕಪಾಟಿನ ತುಂಬ ಚಪ್ಪಲಿ, ಬೂಟು. ಹೀರೋಯಿನ್ ಸಿಟ್ಟು ಮಾಡಿಕೊಂಡು ಹೈಹೀಲ್ಸಿನಲ್ಲಿ ಹೊರಟುಹೋಗುವ ಸೀನು ಬಂದರೆ, ಹೊಟ್ಟೆ ಬಂದ, ಮೀಸೆ ಬಿಟ್ಟ ಮಾಸ್ಟರು ತಮ್ಮ ಅಳತೆಗೆ ಹೇಳಿ ಮಾಡಿಸಿದ ಹೈಹೀಲ್ಸ್ ಹಾಕಿಕೊಂಡು ಸಿಟ್ಟು ಮಾಡಿಕೊಳ್ಳುತ್ತಿದ್ದರು. ಹೊಸಬರು ಯಾರಾದರೂ ಅದನ್ನು ನೋಡಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮಾಸ್ಟರಿಗೆ ಅದರ ಪರಿವೆಯೇ ಇರುತ್ತಿರಲಿಲ್ಲ. ಗಾಜಿನ ಆಚೆ ರೆಕಾರ್ಡಿಂಗಿಗೆ ಕೂರುವವನಿಗೆ ಮೀಟರ್ ಎಂದೇ ಹೆಸರು, ಕಣ್ಣು ಸದಾ ಮೀಟರಿನ ಮುಳ್ಳಿನ ಮೇಲೆ ಇರುತ್ತಿದ್ದುದರಿಂದ. ಅವರಿಬ್ಬರೂ ಸೇರಿ ಮುದುಕರಾದದ್ದು ಅದೇ ಕೋಣೆಯಲ್ಲಿ.

ಮಾಸ್ಟರ ಹೆಂಡತಿಯನ್ನು ಬೀದಿಯವರೆಲ್ಲ ಅಕ್ಕ ಎನ್ನುತ್ತಿದ್ದರು. ನಾವೂ ಹಾಗೆಯೇ ಕರೆಯೋಣ. ಅಕ್ಕನಿಗೆ ಸಕ್ಕರೆ ಕಾಯಿಲೆ ಹೆಚ್ಚಾಗಿ ಕಣ್ಣು ಹೋಗಿ ಕೆಲವು ವರ್ಷಗಳಾಗಿದ್ದವು. ಆದರೆ ಕಣ್ಣಿದ್ದಾಗಿನಿಂದಲೂ ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಯಾವುದೇ ಸಿನಿಮಾದ ಹೆಜ್ಜೆ ಕೆಲಸ ಮುಗಿದರೆ ಮಾಸ್ಟರು ಅದನ್ನು ಮನೆಗೆ ತಂದು ಟಿವಿಗೆ ಹಾಕುವುದು, ಅಕ್ಕ ಟಿವಿಗೆ ಬೆನ್ನು ಹಾಕಿ ಗೋಡೆಯ ಕಡೆ ಮುಖ ಮಾಡಿ ಕೂರುವುದು. ಯಾರು ಬಂದರು, ಯಾರು ಹೋದರು, ಬಂದವನ ಮನಸ್ಸಿನಲ್ಲಿ ಏನಿದೆ, ಎಲ್ಲವನ್ನೂ ಕಿವಿಯಿಂದಲೇ ಹೇಳಬೇಕು. "ಈ ಪೊಲೀಸಿನವನು ಯಾಕ್ರೀ ಹೀಗೆ ನಡೀತಾನೆ, ಬಾಡಿಗೆ ಬೂಟು ಹಾಕ್ಕೊಂಡ ಹಾಗೆ?" ಎಂದಳೆಂದರೆ ಮಾಸ್ಟರು ಉಸಿರೆತ್ತದೆ ಮರುದಿನ ಹೋಗಿ ಪೊಲೀಸಿನವನನ್ನು ಮತ್ತೆ ನಡೆಸಬೇಕು. ಅಕ್ಕ ಹೂಂ ಎನ್ನದೆ ಒಂದು ಸಿನಿಮಾವೂ ಆ ಕೋಣೆಯಿಂದ ಮುಂದಕ್ಕೆ ಹೋದದ್ದಿಲ್ಲ. ಕಣ್ಣು ಹೋದ ಮೇಲೆ ಅವಳು ಗೋಡೆಯ ಕಡೆ ತಿರುಗುವ ಅಗತ್ಯ ಇರಲಿಲ್ಲ. ಆದರೂ ಅಭ್ಯಾಸದಿಂದ ತಿರುಗಿಯೇ ಕೂರುತ್ತಿದ್ದಳು.

ಇತ್ತ ಕೆಲಸ ಸೊರಗುತ್ತಾ ಬಂತು. ಬೆಳಗ್ಗೆ ಥಿಯೇಟರಿಗೆ ಬಂದ ಸಿನಿಮಾ ಮಧ್ಯಾಹ್ನದ ಹೊತ್ತಿಗೆ ಎಲ್ಲರ ಫೋನಿನಲ್ಲಿ. ಮೊದಮೊದಲು ನಿರ್ಮಾಪಕರು ಬಾಯಿಗೆ ಬಂದಂತೆ ಬೈದರು, ಪೊಲೀಸರಿಗೆ ದೂರು ಕೊಟ್ಟರು, ಆಮೇಲೆ ಕೈಚೆಲ್ಲಿ ಕೂತರು. ಖರ್ಚು ಎಲ್ಲಿ ಕಡಿತ ಮಾಡೋಣ ಎಂದು ನೋಡಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಹೆಜ್ಜೆ. ಫೋನಿನ ಕಡ್ಲೆಕಾಳಿನಷ್ಟು ಸ್ಪೀಕರಿನಲ್ಲಿ ಕೇಳುವವನಿಗೆ ಮರಳಾದರೇನು, ಜಲ್ಲಿಯಾದರೇನು? ಕಂಪ್ಯೂಟರಿನಲ್ಲಿ ರೆಡಿಮೇಡ್ ಹೆಜ್ಜೆಗಳು ಸಿಗುತ್ತವೆ, ಗಂಡಸಿಗೊಂದು, ಹೆಂಗಸಿಗೊಂದು, ಅಂಟಿಸಿದರಾಯಿತು. ಊರಿನಲ್ಲಿದ್ದ ಉಳಿದ ಹೆಜ್ಜೆ ಕೋಣೆಗಳು ಮುಚ್ಚಿದವು. ಒಂದರಲ್ಲಿ ಈಗ ಜಿಮ್ ಇದೆ. ಬೈಯುವುದಾದರೆ ಯಾರನ್ನು ಬೈಯುವುದು ಹೇಳಿ? ನಮ್ಮ ಮೀಟರನೇ ಊಟದ ಡಬ್ಬಿ ಬಿಚ್ಚಿಕೊಂಡು ಕದ್ದ ಸಿನಿಮಾ ನೋಡುತ್ತಿದ್ದ. ಮಾಸ್ಟರು ಮುಖ ಗಂಟು ಹಾಕಿದರೆ, "ಇದು ಹೊರದೇಶದ್ದು ಮಾಸ್ಟ್ರೇ, ನಮ್ಮೋರ ಹೊಟ್ಟೆ ಮೇಲೆ ಹೊಡೆದ ಹಾಗಲ್ಲ" ಎನ್ನುತ್ತಿದ್ದ. ಹೊರದೇಶದಲ್ಲೂ ಒಬ್ಬ ಹೆಜ್ಜೆ ಮಾಸ್ಟರ್ ಇರುತ್ತಾನೆ ಎಂಬುದು ಅವನಿಗೆ ಹೊಳೆಯುತ್ತಿರಲಿಲ್ಲ. ಹೊಳೆದರೂ ಊಟ ಮುಗಿಯುವವರೆಗೆ ನೋಡುತ್ತಿದ್ದನೇನೋ.

ಕಳ್ಳತನ ಹೆಚ್ಚಿದಂತೆ ಕಟ್ಟುಪಾಡೂ ಹೆಚ್ಚಿತು. ಕೋಣೆಗೆ ಹೋಗುವ ಮೊದಲು ಫೋನನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಕು. ಕೋಣೆಗೆ ಬರುವ ಪ್ರತಿಯಲ್ಲಿ ಕಣ್ಣಿಗೆ ಕಾಣದ ಗುರುತೊಂದನ್ನು ಹಾಕಿರುತ್ತಾರೆ. ಎಡಿಟಿಂಗಿನವರಿಗೆ ಒಂದು ಗುರುತು, ಸಂಗೀತದವರಿಗೆ ಒಂದು, ಹೆಜ್ಜೆಯವರಿಗೆ ಇನ್ನೊಂದು. ಕದ್ದ ಪ್ರತಿ ಸಿಕ್ಕರೆ ಯಾರ ಮನೆಯ ಬಾಗಿಲಿನಿಂದ ಹೋಯಿತು ಎಂದು ಗೊತ್ತಾಗಬೇಕಲ್ಲ. ಏನನ್ನೂ ಹೊರಗೆ ಒಯ್ಯುವಂತಿಲ್ಲ ಎಂಬ ಕಾಗದಕ್ಕೆ ಮಾಸ್ಟರೂ ಸಹಿ ಹಾಕಿದ್ದರು. ಸಹಿ ಹಾಕಿ, ಮೊದಲಿನ ಹಾಗೆಯೇ ಅಕ್ಕನಿಗಾಗಿ ಮನೆಗೆ ಒಯ್ಯುತ್ತಿದ್ದರು. ಅದು ಕಳ್ಳತನ ಎಂದು ಅವರಿಗೆ ಕನಸಿನಲ್ಲೂ ಅನ್ನಿಸಿರಲಿಲ್ಲ. ಅಕ್ಕ ಕೇಳುವುದೂ ಕೆಲಸದ ಒಂದು ಭಾಗವೇ ಎಂದುಕೊಂಡಿದ್ದರು. ಕಾಗದಕ್ಕೆ ಸಹಿ ಬಿದ್ದ ಮೇಲೆ ಆ ಪದ್ಧತಿ ನಿಂತಿದೆ ಎಂದೇ ಉಳಿದವರೆಲ್ಲ ತಿಳಿದಿದ್ದರು.

ಹೀಗಿರುವಾಗ ಮರಿಯ ಸಿನಿಮಾ ಬಂತು. ಮರಿ ಅಂದರೆ ಅಕ್ಕನ ತಮ್ಮ. ತಾಯಿ ಬೇಗ ತೀರಿಕೊಂಡು ಅಕ್ಕನೇ ಎತ್ತಿ ಆಡಿಸಿ ಬೆಳೆಸಿದವನು. ತಲೆಯಲ್ಲಿ ಬಿಳಿಕೂದಲು ಬಂದರೂ ಅವಳ ಬಾಯಲ್ಲಿ ಅವನು ಮರಿಯೇ. ಅವರಿವರ ಕೈಕೆಳಗೆ ಸಹಾಯಕನಾಗಿ ಬೈಸಿಕೊಂಡು ಬೈಸಿಕೊಂಡು, ಕೊನೆಗೆ ತನ್ನದೇ ಒಂದು ಸಿನಿಮಾ ಮಾಡಿದ್ದ. ಮದುವೆಯಾಗಿರಲಿಲ್ಲ, ಮನೆ ಕಟ್ಟಿರಲಿಲ್ಲ, ಇದ್ದ ಪ್ರಾಯವನ್ನೆಲ್ಲ ಅದಕ್ಕೇ ಸುರಿದಿದ್ದ. ಬಂಡವಾಳ ಹಾಕಿದ ಕಂಪನಿಯವರು ಮೊದಲೇ ಹೇಳಿದ್ದರು, ಇದು ಥಿಯೇಟರಿನಲ್ಲಿ ನಿಂತರೆ ಇನ್ನೊಂದು ಕೊಡುತ್ತೇವೆ, ನಿಲ್ಲದಿದ್ದರೆ ನಮ್ಮ ಬಾಗಿಲಿಗೆ ಬರಬೇಡ ಎಂದು. ಇವನನ್ನು ನಂಬುವವರು ಬೇರೆ ಯಾರೂ ಇರಲಿಲ್ಲ.

ಕಥೆ ಏನೂ ದೊಡ್ಡದಲ್ಲ. ನಿವೃತ್ತಿಯಾದ ಬಸ್ ಕಂಡಕ್ಟರೊಬ್ಬ, ಕೊನೆಯ ದಿನ ಬಸ್ಸಿನಲ್ಲಿ ಯಾರೋ ಮರೆತುಹೋದ ಚೀಲವನ್ನು ವಾಪಸ್ ಕೊಡಲು ಊರೆಲ್ಲ ಅಲೆಯುತ್ತಾನೆ. ನಗುವೂ ಬರುತ್ತದೆ, ಹೊಟ್ಟೆಯಲ್ಲಿ ಸಂಕಟವೂ ಆಗುತ್ತದೆ. ಮಾತು ಕಡಿಮೆ, ನಡಿಗೆಯೇ ಹೆಚ್ಚು. "ಭಾವ, ಇದರಲ್ಲಿ ಹೀರೋ ನೀವೇ. ಅವನು ಬರೀ ಮುಖ ತೋರಿಸ್ತಾನೆ" ಎಂದಿದ್ದ ಮರಿ. ಮಾಸ್ಟರು ವಾರಗಟ್ಟಲೆ ಬಸ್ಸುಗಳಲ್ಲಿ ಸುಮ್ಮನೆ ಓಡಾಡಿದರು. ಕಂಡಕ್ಟರುಗಳು ಗಟ್ಟಿ ನೆಲದ ಮೇಲೂ, ನೆಲ ಅಲುಗಾಡುತ್ತಿದೆ ಎಂಬಂತೆ ಕಾಲು ಅಗಲಿಸಿ, ಹಿಮ್ಮಡಿಯನ್ನು ಸ್ವಲ್ಪ ಒತ್ತಿ ಇಡುತ್ತಾರೆ ಎಂಬುದನ್ನು ಹಿಡಿದರು. ಆ ನಡಿಗೆಯನ್ನು ಸಿಮೆಂಟಿನ ಮೇಲೆ, ಜಲ್ಲಿಯ ಮೇಲೆ, ಆಸ್ಪತ್ರೆಯ ನುಣ್ಣನೆಯ ನೆಲದ ಮೇಲೆ ನಡೆದು ನಡೆದು ಮೊಣಕಾಲು ಬಾತುಕೊಂಡಿತು. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಅವರು ನಡೆದಿರಲಿಲ್ಲ. ಮೀಟರ್ ಕೂಡ ಗಾಜಿನ ಆಚೆಯಿಂದ ತಲೆದೂಗಿದ, ಅವನು ಸುಲಭಕ್ಕೆ ಮೆಚ್ಚುವವನಲ್ಲ.

ಸಂಗೀತ ಇನ್ನೂ ಸೇರದ, ಬರೀ ಮಾತು ಮತ್ತು ಹೆಜ್ಜೆಗಳಿದ್ದ ಆ ಪ್ರತಿಯನ್ನು ಮಾಸ್ಟರು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಮನೆಗೆ ತಂದರು. ಅಕ್ಕ ಗೋಡೆಯ ಕಡೆ ಮುಖ ಮಾಡಿ ಕೂತಳು. ಕಂಡಕ್ಟರ್ ಮೊದಲ ಸಲ ಮನೆಯ ಮೆಟ್ಟಿಲಿಳಿಯುವಾಗಲೇ, "ಇವನಿಗೆ ನಿದ್ದೆ ಬಂದಿಲ್ಲ, ಪಾಪ" ಎಂದಳು. ಆಸ್ಪತ್ರೆಯ ಲಿಫ್ಟಿನ ಸೀನು ಬಂತು. ಕಂಡಕ್ಟರ್ ತುಂಬಿದ ಲಿಫ್ಟಿನಲ್ಲಿ ಬಾಗಿಲ ಹತ್ತಿರ ಸಿಕ್ಕಿಕೊಂಡಿದ್ದಾನೆ. ಒಳಗೆ ಯಾರೋ ಬಿಕ್ಕುತ್ತಿದ್ದಾರೆ. ಬಾಗಿಲು ಮುಚ್ಚುತ್ತಿಲ್ಲ. ಯಾರೂ ಮಾತಾಡುತ್ತಿಲ್ಲ, ಕಾಲುಗಳು ಮಾತ್ರ ಸರಿದಾಡುತ್ತಿವೆ. ಆ ಮೌನವನ್ನು ಮರಿ ಎಷ್ಟು ಹೊತ್ತು ಎಳೆದಿದ್ದನೆಂದರೆ ನೋಡುವವರ ಉಸಿರು ಕಟ್ಟಬೇಕು. ಆಮೇಲೆ ಕಂಡಕ್ಟರಿನ ಬಾಯಿಂದ ಹಳೆ ಅಭ್ಯಾಸ ಹೊರಬೀಳುತ್ತದೆ: "ಒಳಗೆ ಸರೀರಿ, ಒಳಗೆ ಸರೀರಿ, ಹಿಂದ್ಗಡೆ ಬೇಕಾದಷ್ಟು ಜಾಗ ಇದೆ." ಅಕ್ಕ ಬಿದ್ದು ಬಿದ್ದು ನಕ್ಕಳು. ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡಳು. "ನನ್ನ ಮರಿ ಗೆದ್ದ ಕಣ್ರೀ" ಎಂದಳು.

ಮರುದಿನ ಮಾಸ್ಟರು ಕೆಲಸಕ್ಕೆ ಹೋದರು. ಪೆನ್‌ಡ್ರೈವು ಟಿವಿಯಲ್ಲೇ ಉಳಿಯಿತು. ಅಕ್ಕನಿಗೆ ಇನ್ನೊಮ್ಮೆ ಕೇಳುವ ಆಸೆ, ಟಿವಿ ಹಚ್ಚುವುದು ತಿಳಿಯದು. ಎದುರುಮನೆಯ ಸೊಸೆ ಔಷಧಿ ಕೊಡಲು ಬಂದಿದ್ದಳು, ದಿನಾ ಬರುವವಳೇ. "ಇದನ್ನ ನನ್ನ ಫೋನಿಗೆ ಹಾಕಿಕೊಡ್ತೀಯಾ? ಕೆಲಸ ಮಾಡ್ತಾ ಕೇಳ್ತೀನಿ" ಎಂದಳು ಅಕ್ಕ. ಅವಳು ಪೆನ್‌ಡ್ರೈವನ್ನೂ ಫೋನನ್ನೂ ತನ್ನ ಮನೆಗೆ ಒಯ್ದು, ಹಾಕಿ, ತಂದುಕೊಟ್ಟಳು. ಅಕ್ಕ ಅವತ್ತಿನಿಂದ, ಮಾಸ್ಟರು ಕೆಲಸಕ್ಕೆ ಹೋದ ಹೊತ್ತಿನಲ್ಲಿ, ಪಾತ್ರೆ ತೊಳೆಯುವಾಗ, ಬಟ್ಟೆ ಮಡಚುವಾಗ ತಮ್ಮನ ಸಿನಿಮಾವನ್ನು ಪಕ್ಕದಲ್ಲಿಟ್ಟುಕೊಂಡು ಕೇಳುತ್ತಾ ಇದ್ದಳು.

ಬಿಡುಗಡೆಗೆ ಇನ್ನೂ ಸ್ವಲ್ಪ ದಿನ ಇತ್ತು. ಮಾಸ್ಟರು ಬಸ್ಸಿನಲ್ಲಿ ಮನೆಗೆ ಬರುತ್ತಿದ್ದರು, ಕಣ್ಣಿಗೆ ಜೋಂಪು ಹತ್ತಿತ್ತು. ಎಲ್ಲೋ ಯಾರೋ ಜಲ್ಲಿಯ ಮೇಲೆ ನಡೆಯುತ್ತಿದ್ದಾರೆ. ಹಿಮ್ಮಡಿ ಒತ್ತಿ, ಕಾಲು ಅಗಲಿಸಿ. ನಿಂತರು, ಮತ್ತೆ ನಡೆದರು. ಮಾಸ್ಟರು ಥಟ್ಟನೆ ಕಣ್ಣು ಬಿಟ್ಟರು. ಮಾತು ಕೇಳಿ ಅಲ್ಲ, ಮಾತು ಆಮೇಲೆ ಬಂತು. ತಮ್ಮ ಕಾಲನ್ನು ತಾವೇ ಗುರುತು ಹಿಡಿದರು. ಮುಂದಿನ ಸೀಟಿನಲ್ಲಿ ಒಬ್ಬಾತ ಮಡಿಲಲ್ಲಿ ಚೀಲ ಇಟ್ಟುಕೊಂಡು, ಅದರ ಮೇಲೆ ಫೋನು ಒರಗಿಸಿಕೊಂಡು ನೋಡುತ್ತಿದ್ದ.

ಮಾಸ್ಟರು ಬಗ್ಗಿ ಕೇಳಿದರು, "ಎಲ್ಲಿ ಸಿಕ್ತು ಇದು?"

"ಇನ್ನೂ ಬಂದಿಲ್ಲ ಇದು, ಹೊಸಾದು" ಎಂದ ಆತ ಹೆಮ್ಮೆಯಿಂದ. "ನಮ್ಮ ಆಫೀಸಲ್ಲಿ ಎಲ್ಲರ ಹತ್ರಾನೂ ಇದೆ. ಬೇಕಾ? ನಂಬರ್ ಹೇಳಿ, ಕಳಿಸ್ತೀನಿ."

ಆತ ಒಳ್ಳೆಯ ಮನುಷ್ಯ, ಪಕ್ಕಕ್ಕೆ ಸರಿದು ಜಾಗವನ್ನೂ ಕೊಟ್ಟ. "ಚೆನ್ನಾಗಿದೆ ಸಾರ್, ನೋಡಿ. ಒಂದೇ ತೊಂದ್ರೆ ಅಂದ್ರೆ ಹೆಜ್ಜೆ ಸದ್ದು ಜಾಸ್ತಿ ಇಟ್ಬಿಟ್ಟಿದ್ದಾರೆ, ಕಿರಿಕಿರಿ" ಎಂದ.

ಹೆಜ್ಜೆ ಜಾಸ್ತಿ ಇರಲೇಬೇಕು, ಯಾಕೆಂದರೆ ಅದು ತಗ್ಗಿಸಿ ಹದ ಮಾಡುವ ಮೊದಲಿನ ಪ್ರತಿ. ಸಂಗೀತವೂ ಇಲ್ಲ. ಈ ಕಸುಬಿನವರು ಯಾರು ಕೇಳಿದರೂ ಅರೆಗಳಿಗೆಯಲ್ಲಿ ಹೇಳುತ್ತಾರೆ, ಇದು ಹೆಜ್ಜೆ ಕೋಣೆಯಿಂದ ಬಂದದ್ದು ಎಂದು. ಮಾಸ್ಟರು ತಮ್ಮ ಸ್ಟಾಪು ಬರುವ ಮೊದಲೇ ಇಳಿದರು.

ಮನೆಯಲ್ಲಿ ಪೆನ್‌ಡ್ರೈವು ಇಟ್ಟಲ್ಲೇ ಇತ್ತು. ಅಡುಗೆಮನೆಯಲ್ಲಿ ಅಕ್ಕನ ಫೋನಿನಿಂದ ಕಂಡಕ್ಟರ್ ನಡೆಯುತ್ತಿದ್ದ.

"ಯಾರು ಹಾಕಿಕೊಟ್ರು ನಿನಗೆ?" ಎಂದರು, ದನಿ ಆದಷ್ಟು ಸಹಜವಾಗಿ ಇಟ್ಟುಕೊಂಡು.

"ಎದುರುಮನೆ ಸೊಸೆ. ಯಾಕೆ, ತಪ್ಪಾಯ್ತಾ?"

"ಇಲ್ಲ ಇಲ್ಲ. ಕೇಳು ನೀನು."

ಮಾಸ್ಟರು ಎದುರುಮನೆಗೆ ಹೋದರು. ಸೊಸೆ ಮೊದಲು ಇಲ್ಲ ಎಂದಳು, ಆಮೇಲೆ ಅಳತೊಡಗಿದಳು. "ನನ್ನ ತಂಗಿಗೆ ಮಾತ್ರ ಕಳಿಸಿದ್ದೆ ಮಾಸ್ಟ್ರೇ. ಅವಳಿಗೆ ಹೆರಿಗೆ ಆಗಿ ಮಲಗಿದ್ಲು, ಬೇಜಾರಾಗ್ತಿದೆ ಅಂದ್ಲು. ಯಾರಿಗೂ ಕೊಡ್ಬೇಡ ಅಂತ ಹೇಳೇ ಕಳಿಸಿದ್ದೆ." ತಂಗಿ ತನ್ನ ಗಂಡನಿಗೆ ಮಾತ್ರ ಕಳಿಸಿದ್ದಳು. ಗಂಡ ತನ್ನ ಗೆಳೆಯನಿಗೆ ಮಾತ್ರ. ಹೀಗೆ ಒಬ್ಬೊಬ್ಬರೂ ಒಬ್ಬೊಬ್ಬರಿಗೆ ಮಾತ್ರ, ಯಾರಿಗೂ ಕೊಡಬೇಡ ಎಂದು ಹೇಳಿಯೇ ಕಳಿಸಿ, ಊರಿಗೂರೇ ನೋಡಿ ಮುಗಿಸಿತ್ತು. ಕಳ್ಳ ಯಾರು ಎಂದು ಹುಡುಕಿದರೆ ಅಲ್ಲಿ ಒಬ್ಬ ಕಳ್ಳನೂ ಸಿಗುತ್ತಿರಲಿಲ್ಲ. ಇದಕ್ಕಿಂತ ಹೊಟ್ಟೆ ಉರಿಯುವ ಮಾತು ಇನ್ನೊಂದುಂಟೇ?

"ಅಕ್ಕನಿಗೆ ಒಂದು ಮಾತೂ ಹೇಳ್ಬೇಡ" ಎಂದಷ್ಟೇ ಹೇಳಿ ಮಾಸ್ಟರು ವಾಪಸ್ ಬಂದರು. ತಾನು ಎತ್ತಿ ಆಡಿಸಿದ ತಮ್ಮನ ಜೀವಮಾನದ ದುಡಿಮೆ ತನ್ನ ಕೈಯಿಂದಲೇ ಹೋಯಿತು ಎಂದು ಗೊತ್ತಾದರೆ ಅವಳು ಉಳಿಯುತ್ತಾಳೆಯೇ? ಮರಿಗೆ ಗೊತ್ತಾದರೆ ಅವನು ಈ ಮೆಟ್ಟಿಲು ಹತ್ತುತ್ತಾನೆಯೇ? ಅಕ್ಕನಿಗೆ ಈ ಲೋಕದಲ್ಲಿ ಇನ್ನು ಉಳಿದದ್ದು ಆ ಒಂದು ದನಿ.

ಮರುದಿನ ಕೋಣೆಗೆ ಹೋದಾಗ ಮರಿ ಮೊದಲೇ ಬಂದಿದ್ದ. ಜೊತೆಗೆ ಕಂಪನಿಯ ಮನುಷ್ಯ. ಗುರುತು ತೆಗೆಸಿ ನೋಡಿದ್ದರು, ಹೆಜ್ಜೆ ಕೋಣೆಯದೇ. ಮೀಟರ್ ಸ್ಟೂಲಿನ ಮೇಲೆ ಕುಸಿದು ಕೂತಿದ್ದ. ಅವನು ಡಬ್ಬಿ ಬಿಚ್ಚಿಕೊಂಡು ಏನೇನು ನೋಡುತ್ತಾನೆ ಎಂಬುದು ಎಲ್ಲರಿಗೂ ಗೊತ್ತಿದ್ದ ವಿಷಯ, ಅನುಮಾನ ನೇರ ಅವನ ಮೇಲೇ ಬಿದ್ದಿತ್ತು.

"ನನ್ನ ಮಕ್ಕಳ ಮೇಲಾಣೆ, ನನಗೇನೂ ಗೊತ್ತಿಲ್ಲ" ಎನ್ನುತ್ತಿದ್ದ ಮೀಟರ್. "ಮಾಸ್ಟ್ರೇ, ನೀವಾದ್ರೂ ಹೇಳಿ."

"ಪೊಲೀಸರ ಮುಂದೆ ಹೇಳಲಿ ಬಿಡಿ" ಎಂದ ಕಂಪನಿಯವನು ಮರಿಗೆ.

ಮಾಸ್ಟರಿಗೆ ದಾರಿಯೇ ಇರಲಿಲ್ಲ. ಮನೆಗೆ ಒಯ್ದಿದ್ದೆ ಎಂದರೆ, ಯಾಕೆ ಎಂದು ಮರಿ ಕೇಳುತ್ತಾನೆ. ಅಕ್ಕನಿಗೆ ಕೇಳಿಸಲು ಎಂದರೆ ನೇರ ಅಕ್ಕನ ಬಳಿಗೆ ಹೋಗುತ್ತಾನೆ. ಅವಳು ಸುಳ್ಳು ಹೇಳುವವಳಲ್ಲ, ಫೋನು ತೆಗೆದು ಕೈಗೇ ಕೊಟ್ಟುಬಿಡುತ್ತಾಳೆ. ಸುಳ್ಳು ಹೇಳುವುದಾದರೆ ಅಕ್ಕನ ಹತ್ತಿರವೂ ಸುಳಿಯದಂಥ ಸುಳ್ಳಾಗಬೇಕು.

"ಅವನನ್ನ ಬಿಡಿ" ಎಂದರು ಮಾಸ್ಟರು. "ನಾನೇ ಮಾರಿದ್ದು."

ಕೋಣೆ ಹಾಸಿಗೆ ಹೊಡೆದ ಕೋಣೆ, ಅಲ್ಲಿ ಸದ್ದು ಪ್ರತಿಧ್ವನಿಸುವುದಿಲ್ಲ. ಆ ಮಾತು ಬಿದ್ದಲ್ಲೇ ಬಿದ್ದಿತು. ಮರಿ ಭಾವನ ಮುಖವನ್ನು ನೋಡುತ್ತಲೇ ನಿಂತ. ಎಷ್ಟಕ್ಕೆ ಎಂದು ಕೇಳಲಿಲ್ಲ, ಯಾರಿಗೆ ಎಂದೂ ಕೇಳಲಿಲ್ಲ.

"ಕೆಲಸ ಇಲ್ಲ, ಅವಳ ಔಷಧಿ..." ಎಂದು ಮಾಸ್ಟರು ಸುಳ್ಳಿಗೆ ಇನ್ನೊಂದು ಕಾಲು ಕೂಡಿಸಿದರು.

"ಅಕ್ಕನ ಹೆಸರು ಎತ್ಬೇಡಿ ಭಾವ" ಎಂದ ಮರಿ. "ನನ್ನ ಹತ್ರ ಕೇಳಿದ್ರೆ ನಾನು ಕೊಡ್ತಿರ್ಲಿಲ್ವಾ?" ಕಂಪನಿಯವನು ಪೊಲೀಸು ಎಂದದ್ದಕ್ಕೆ, "ಬೇಡ, ಅಕ್ಕ ಒಬ್ಬಳೇ ಆಗ್ತಾಳೆ" ಎಂದ. ಆಮೇಲೆ ಮೆಟ್ಟಿಲು ಹತ್ತಿ ಹೋದ.

ಕೋಣೆಗೆ ಬೀಗ ಬಿತ್ತು. ಈ ಊರಿನ ಸಿನಿಮಾದವರಲ್ಲಿ ಇನ್ನು ಯಾರೂ ಮಾಸ್ಟರಿಗೆ ಒಂದು ಹೆಜ್ಜೆಯ ಕೆಲಸವನ್ನೂ ಕೊಡುವಂತಿರಲಿಲ್ಲ. ಕೆಲಸ ಹೋದ ಮೀಟರ್ ಎದುರಿಗೆ ಸಿಕ್ಕರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದ. ಮಾಸ್ಟರು ದಿನಾ ಡಬ್ಬಿ ಹಿಡಿದು ಮನೆ ಬಿಟ್ಟು, ಪಾರ್ಕಿನ ಬೆಂಚಿನ ಮೇಲೆ ಕೂತು, ಊಟ ಮಾಡಿ ಬರುತ್ತಿದ್ದರು. ಅಕ್ಕನಿಗೆ ಇದೊಂದೂ ಗೊತ್ತಿಲ್ಲ. ಮರಿ ಯಾಕೆ ಬರುತ್ತಿಲ್ಲ ಎಂದರೆ ಬಿಡುಗಡೆಯ ಓಡಾಟ ಎಂದು ಇವರು ಹೇಳುತ್ತಿದ್ದರು. ಅವಳು ಫೋನು ಮಾಡಿದರೆ ಮರಿಯೂ ಅಷ್ಟನ್ನೇ ಹೇಳಿ ಇಟ್ಟುಬಿಡುತ್ತಿದ್ದ. ಭಾವ ಮಾರಿದರೆಂದು ಅಕ್ಕನಿಗೆ ಹೇಳಲು ಅವನಿಗೂ ಬಾಯಿ ಬಂದಿರಲಿಲ್ಲ. ಅಷ್ಟರಮಟ್ಟಿಗೆ ಮಾಸ್ಟರ ಲೆಕ್ಕಾಚಾರ ಸರಿಯಾಗಿಯೇ ಇತ್ತು.

ತಪ್ಪಿದ್ದು ಬಿಡುಗಡೆಯ ದಿನ. ಅಕ್ಕ ಬೆಳಗ್ಗೆಯೇ ತಲೆ ಬಾಚಿ, ಒಳ್ಳೆಯ ಬಟ್ಟೆ ಉಟ್ಟು ಕೂತಿದ್ದಳು.

"ಮೊಣಕಾಲು ನೋವು, ಇನ್ನೊಂದು ದಿನ ಹೋಗೋಣ" ಎಂದರು ಮಾಸ್ಟರು.

"ನಿಮಗೆ ನೋವಾದ್ರೆ ನೀವು ಮನೇಲಿರಿ. ಎದುರುಮನೆಯವಳ ಕೈ ಹಿಡ್ಕೊಂಡು ಹೋಗ್ತೀನಿ. ನನ್ನ ತಮ್ಮನ ಸಿನಿಮಾಗೆ ನಾನು ಹೋಗದೆ ಇನ್ಯಾರು ಹೋಗ್ತಾರೆ?"

ಹೊಸ ಥಿಯೇಟರು. ಲಾಬಿಯ ತುಂಬ ದಪ್ಪ ಕಾರ್ಪೆಟ್ಟು, ಕಾಲಿಟ್ಟರೆ ಹೂತುಹೋಗುವಂಥದ್ದು. ಅಕ್ಕನಿಗೆ ಅಂಥ ನೆಲವೆಂದರೆ ಆಗದು, ಎಲ್ಲಿ ಯಾರಿದ್ದಾರೆ ಎಂದು ತಿಳಿಯದೆ ಗಂಡನ ತೋಳನ್ನು ಬಿಗಿಯಾಗಿ ಹಿಡಿದಳು. ಒಳಗೆ ಹೋಗಿ ಕೂತ ಮೇಲೆ ಕೇಳಿದಳು, "ಜನ ಬಂದಿದ್ದಾರಾ?"

"ತುಂಬಿದೆ" ಎಂದರು ಮಾಸ್ಟರು. ಮುಂದೆ ಐದಾರು ಜನ ಹುಡುಗರು, ಪಕ್ಕದಲ್ಲೊಂದು ಜೋಡಿ, ಹಿಂದೆ ಯಾರೋ ಒಬ್ಬರು. ಅಷ್ಟೇ.

ಹಿಂದಿನವರು ಕೆಮ್ಮಿದರು. ಅಕ್ಕ ತಲೆ ಓರೆ ಮಾಡಿ ಕೇಳಿದಳು. "ಸುಳ್ಳು ಯಾಕ್ರೀ ಹೇಳ್ತೀರಿ, ಕೆಮ್ಮು ಗೋಡೆಗೆ ಹೊಡೆದು ವಾಪಸ್ ಬರ್ತಿದೆ" ಎಂದಳು. ಸ್ವಲ್ಪ ಹೊತ್ತಿನ ಮೇಲೆ ತಾನೇ ಸಮಾಧಾನ ಮಾಡಿಕೊಂಡಳು. "ಬೆಳಗಿನ ಆಟ. ಸಂಜೆಗೆ ಬರ್ತಾರೆ ಬಿಡಿ."

ಸಿನಿಮಾ ಶುರುವಾಯಿತು. ಸಂಗೀತ ಸೇರಿತ್ತು, ಹೆಜ್ಜೆಗಳು ಹದವಾಗಿ ಅದರ ಅಡಿಯಲ್ಲಿ ಕೂತಿದ್ದವು. ಅಷ್ಟು ದೊಡ್ಡ ಹಾಲಿನಲ್ಲಿ ತಮ್ಮ ಕಾಲಿನ ಸದ್ದು ಕೇಳಿ ಮಾಸ್ಟರು ಸೀಟಿನಲ್ಲಿ ಮುಂದಕ್ಕೆ ಬಾಗಿದರು. ಅಕ್ಕ ಅವರ ಕೈಯನ್ನು ಮೆಲ್ಲಗೆ ತಟ್ಟಿದಳು. ಹುಡುಗರು ಅಲ್ಲಲ್ಲಿ ಪಿಸುಗುಟ್ಟುತ್ತಿದ್ದರು. ಇಬ್ಬರು ಫೋನು ನೋಡುತ್ತಿದ್ದರು.

ಲಿಫ್ಟಿನ ಸೀನು ಬಂತು. ಬಾಗಿಲು ಮುಚ್ಚಲಿಲ್ಲ. ಒಳಗೆ ಯಾರೋ ಬಿಕ್ಕಿದರು. ಕಾಲುಗಳು ಸರಿದಾಡಿದವು. ಮರಿ ಎಳೆದಿದ್ದ ಆ ಮೌನ ಇನ್ನೂ ಅರ್ಧಕ್ಕೆ ಬಂದಿತ್ತು, ಹುಡುಗರ ಸಾಲಿನಲ್ಲಿ ನಗು ಶುರುವಾಯಿತು. ಒಬ್ಬ ಗಟ್ಟಿಯಾಗಿ ಕೂಗಿದ, "ಒಳಗೆ ಸರೀರಿ, ಹಿಂದ್ಗಡೆ ಬೇಕಾದಷ್ಟು ಜಾಗ ಇದೆ!" ಉಳಿದವರು ಹೋ ಎಂದರು. ಆ ಗದ್ದಲದ ಕೊನೆಯಲ್ಲಿ ಪಾಪದ ಕಂಡಕ್ಟರ್ ಅದೇ ಮಾತನ್ನು ಹೇಳಿದ. ಯಾರೂ ನಗಲಿಲ್ಲ.

"ರೀ" ಎಂದಳು ಅಕ್ಕ. "ಅವನಿನ್ನೂ ಹೇಳೇ ಇರ್ಲಿಲ್ಲ. ಇವ್ರು ಯಾಕೆ ನಕ್ಕಿದ್ದು?"

ಮಾಸ್ಟರು ಹುಡುಗರ ಸಾಲಿನ ಕಡೆ ನೋಡಿದರು.

"ಇವತ್ತೇ ಮೊದಲ ಆಟ ಅಲ್ವಾ? ಇವ್ರು ಎಲ್ಲಿ ನೋಡಿದ್ರು?"

ಮಾಸ್ಟರ ಕೈ ಅವಳ ಕೈಯೊಳಗಿತ್ತು. ಆ ಕೈ ಬೆವರಿದ್ದು ಅವಳಿಗೆ ತಿಳಿಯಿತು. ಪರದೆಯ ಮೇಲೆ ಕಂಡಕ್ಟರ್ ನಡೆಯುತ್ತಲೇ ಇದ್ದ. ಅಕ್ಕ ಒಂದೊಂದನ್ನೇ ಕೂಡಿಸಿ ನೋಡುತ್ತಿದ್ದಳು ಎಂದು ಕಾಣುತ್ತದೆ, ಮಧ್ಯಂತರದ ದೀಪ ಹತ್ತಿದ ಕೂಡಲೇ ಕೇಳಿದಳು.

"ನನ್ನ ಫೋನಿಂದಾನಾ ಹೋಗಿದ್ದು?"

ಅವಳಿಗೆ ಸುಳ್ಳು ಹೇಳಲು ಮಾಸ್ಟರು ಬಾಯಿ ತೆರೆದರು. ಅಕ್ಕ ಅವರ ಕೈ ಅದುಮಿ ತಡೆದಳು.

"ಅದಕ್ಕೇನಾ ಮರಿ ಬರ್ತಿಲ್ಲ? ಅವನಿಗೆ ಗೊತ್ತಾ?"

"ನಿನ್ನದು ಅಂತ ಗೊತ್ತಿಲ್ಲ" ಎಂದರು ಮಾಸ್ಟರು. "ನಾನು ಮಾರಿದೆ ಅಂದೆ."

ಅಕ್ಕ ಅವರ ಕಡೆ ತಿರುಗಿದಳು. "ಬುದ್ಧಿ ಇದೆಯಾ ನಿಮಗೆ?" ಎಂದಳು ಆಮೇಲೆ. ಸಿಟ್ಟಿನಿಂದಲ್ಲ, ನಿಜವಾಗಿಯೂ ಕೇಳುವವಳ ಹಾಗೆ. "ಏಳಿ. ಅವನು ಇಲ್ಲೇ ಇರ್ತಾನೆ. ಮೊದಲ ಆಟಕ್ಕೆ ಹೊರಗೆ ನಿಂತಿರ್ತೀನಿ ಅಂತ ಯಾವಾಗಲೋ ಅಂದಿದ್ದ."

ಮರಿ ಲಾಬಿಯ ಮೂಲೆಯಲ್ಲಿ ತನ್ನದೇ ಸಿನಿಮಾದ ಪೋಸ್ಟರಿನ ಕೆಳಗೆ ನಿಂತಿದ್ದ. ಗಡ್ಡ ಬಿಟ್ಟಿದ್ದ. ಅಕ್ಕನನ್ನು ಕಂಡು ಎರಡು ಹೆಜ್ಜೆ ಮುಂದೆ ಬಂದ, ಪಕ್ಕದಲ್ಲಿ ಭಾವನನ್ನು ಕಂಡು ಅಲ್ಲೇ ನಿಂತ. ಮಾಸ್ಟರು ಅಕ್ಕನನ್ನು ಅವನ ಎದುರಿಗೆ ನಿಲ್ಲಿಸಿದರು.

"ಮರಿ, ಇದ್ದೀಯಾ?"

"ಇದ್ದೀನಿ ಅಕ್ಕ."

"ಭಾವ ಮಾರಿಲ್ಲ ಕಣೋ. ಅವರು ನನಗೆ ಕೇಳಿಸೋಕೆ ತಂದಿದ್ರು. ನಾನೇ ಫೋನಿಗೆ ಹಾಕಿಸ್ಕೊಂಡೆ, ಎದುರುಮನೆ ಹುಡುಗಿ ಕೈಲಿ. ಅಲ್ಲಿಂದ ಹೋಗಿದೆ. ನನ್ನಿಂದ ಹೋಗಿದ್ದು."

ಮರಿ ಅವಳನ್ನು ನೋಡಲಿಲ್ಲ. ಅವಳ ತಲೆಯ ಮೇಲಿಂದ ಭಾವನನ್ನು ನೋಡಿದ. ಆ ನೋಟದಲ್ಲಿದ್ದ ತಿರಸ್ಕಾರ ಅವತ್ತು ಕೋಣೆಯಲ್ಲಿ ಕೂಡ ಇರಲಿಲ್ಲ.

"ಇದನ್ನ ಹೇಳಿಸೋಕೆ ಕರ್ಕೊಂಡು ಬಂದ್ರಾ?" ಎಂದ, ತೀರಾ ಮೆಲ್ಲಗೆ.

"ಅವಳು ಹೇಳ್ತಿರೋದು ನಿಜ ಮರಿ" ಎಂದರು ಮಾಸ್ಟರು. ಹೇಳುವಾಗಲೇ ತಮ್ಮ ದನಿ ತಮಗೇ ಸುಳ್ಳಿನ ಹಾಗೆ ಕೇಳಿಸಿತು.

"ಮಾರಿದ್ದಕ್ಕೆ ಸುಮ್ನಿದ್ದೆ ಭಾವ. ಕಷ್ಟ ಇತ್ತೇನೋ ಅಂತ. ಈಗ ಕಣ್ಣಿಲ್ಲದವಳ ತಲೆಗೆ ಕಟ್ತಿದ್ದೀರಲ್ಲ?"

"ಯಾರೂ ಕಟ್ತಿಲ್ಲ ಕಣೋ, ನಾನಾಗೇ ಹೇಳ್ತಿದ್ದೀನಿ" ಎಂದಳು ಅಕ್ಕ.

"ನೀನು ಗಂಡನ್ನ ಬಿಟ್ಟುಕೊಡಲ್ಲ ಅಂತ ಗೊತ್ತು ಅಕ್ಕ" ಎಂದ ಮರಿ. "ಚೆನ್ನಾಗಿರು."

ಅಷ್ಟು ಹೇಳಿ ಹೊರಟ. ಬಾಗಿಲಿನ ಕಡೆ ಹೋಗುವಾಗ ತಿರುಗಿ ನೋಡಲಿಲ್ಲ. ಗಾಜಿನ ಬಾಗಿಲು ತಾನಾಗಿ ತೆರೆದು, ಸದ್ದಿಲ್ಲದೆ ಮುಚ್ಚಿಕೊಂಡಿತು. ಮಾಸ್ಟರು ಹಿಂದೆ ಓಡಬೇಕೆಂದುಕೊಂಡರು. ಓಡಿ ಹೇಳುವುದಾದರೂ ಏನು? ಅವರ ಬಾಯಲ್ಲಿ ನಿಜಕ್ಕೆ ಬೆಲೆ ಉಳಿದಿರಲಿಲ್ಲ, ಅದನ್ನು ತಾವೇ ತಮ್ಮ ಕೈಯಾರೆ ಕಳೆದುಕೊಂಡಿದ್ದರು.

ಅಕ್ಕನಿಗೆ ಅವನು ಹೋದದ್ದು ಗೊತ್ತಾಗಲಿಲ್ಲ. ಕಾರ್ಪೆಟ್ಟಿನ ಮೇಲೆ ಹೆಜ್ಜೆ ಕೇಳುವುದಿಲ್ಲ. ಚೆನ್ನಾಗಿರು ಎಂದವನು ಇನ್ನೂ ಅಲ್ಲೇ, ಎದುರಿಗೇ, ಮುಖ ಊದಿಸಿಕೊಂಡು ನಿಂತಿದ್ದಾನೆ ಎಂದುಕೊಂಡಳು. ಚಿಕ್ಕವನಿದ್ದಾಗಲೂ ಸಿಟ್ಟು ಬಂದರೆ ಅವನು ಹಾಗೆಯೇ ಮಾತಿಲ್ಲದೆ ನಿಂತುಬಿಡುತ್ತಿದ್ದ.

"ಸುಮ್ನಿರ್ಬೇಡ ಮರಿ. ಬೈಯ್ಯಿ ನನಗೆ, ಪರವಾಗಿಲ್ಲ" ಎಂದಳು. "ತುಂಬಾ ಚೆನ್ನಾಗಿ ಮಾಡಿದ್ದೀಯ ಕಣೋ. ದಿನಾ ಕೇಳ್ತಿದ್ದೆ. ಅಷ್ಟು ಚೆನ್ನಾಗಿದೆ ಅಂತಾನೇ ದಿನಾ ಕೇಳ್ಬೇಕು ಅನ್ನಿಸ್ತು, ಅದಕ್ಕೇ ಹಾಕಿಸ್ಕೊಂಡೆ. ಫೋನಲ್ಲಿ ಇಟ್ಕೊಂಡ್ರೆ ಹೊರಗೆ ಹೋಗುತ್ತೆ ಅಂತ ನನಗೇನು ಗೊತ್ತು ಹೇಳು..."

ಹುಡುಗರು ಕೈಯಲ್ಲಿ ಲೋಟ ಹಿಡಿದು ಒಳಗೆ ಹೋಗುತ್ತಾ, ಪೋಸ್ಟರಿನ ಎದುರು ಒಬ್ಬಳೇ ಮಾತಾಡುತ್ತಿದ್ದ ಮುದುಕಿಯನ್ನು ತಿರುಗಿ ನೋಡಿದರು. ಮಾಸ್ಟರು ಅವಳ ಭುಜದ ಮೇಲೆ ಕೈಯಿಡಲು ಹೋದರು, ಇಡಲಾಗಲಿಲ್ಲ. ಅವಳು ಕೈ ಮುಂದೆ ಚಾಚಿ, ತಮ್ಮನ ಮುಖ ಇರಬೇಕಾದ ಎತ್ತರದಲ್ಲಿ ಹಿಡಿದುಕೊಂಡು ಇನ್ನೂ ಹೇಳುತ್ತಲೇ ಇದ್ದಳು.